ಗಿಟಾರ್ ಹಾಡನ್ನು ಎಂಬತ್ತರ ದಶಕದ ಸಿಂಥ್‌ಗೆ ಕೂರಿಸುವುದು ಹೇಗೆ?

ಕೆನಡಾದ ಕವಿ, ಗಾಯಕ ಲಿಯೊನಾರ್ಡ್ ಕೋಹೆನ್ 1967ರಲ್ಲಿ ಮೊದಲ ಆಲ್ಬಂ ತಂದಾಗ ಅವರ ಕೈಯಲ್ಲಿದ್ದದ್ದು ನೈಲಾನ್ ತಂತಿಯ ಗಿಟಾರ್. ಐವತ್ತು ತುಂಬುವ ಹೊತ್ತಿಗೆ ಅದೇ ಮನುಷ್ಯ ಪುಟ್ಟ ಕ್ಯಾಸಿಯೋ ಕೀಬೋರ್ಡ್ ಮುಂದಿಟ್ಟುಕೊಂಡು ಹಾಡು ಕಟ್ಟತೊಡಗಿದರು. ಬೆರಳಿಟ್ಟರೆ ಇಡೀ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಗುಂಡಿ ಒತ್ತಿದರೆ ಸಿದ್ಧ ತಾಳ. ಮಕ್ಕಳ ಹುಟ್ಟುಹಬ್ಬಕ್ಕೆ ಕೊಡಿಸುವಂಥ ಯಂತ್ರ. ಆ ಸದ್ದು ಸೇರಿದ ಆಲ್ಬಂ 1984ರ ಕೊನೆಗೆ ತಯಾರಾಯಿತು. ಅಮೆರಿಕದಲ್ಲಿ ಅವರ ಕಂಪನಿ ಅದನ್ನು ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. ಕೋಹೆನ್ ಜಗ್ಗಲಿಲ್ಲ. 1988ರಲ್ಲಿ ಸಿಂಥಸೈಸರ್ (ಸಿಂಥ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಇನ್ನೂ ಜಾಸ್ತಿ ಇರುವ ಆಲ್ಬಂ ತಂದರು. ಅವರ ಒಳ್ಳೆಯ ಕೆಲಸಗಳ ಪಟ್ಟಿ ಮಾಡುವವರು ಈಗ ಅದನ್ನು ಬಿಡುವುದಿಲ್ಲ.

ಈ ಕತೆಯಲ್ಲಿ ನಮಗೆ ಬೇಕಾದ್ದು ಒಂದು ವಿಷಯ. ಕೋಹೆನ್ ಹಳೇ ಗಿಟಾರ್ ಹಾಡಿನ ಮೇಲೆ ಸಿಂಥ್ ಬಣ್ಣ ಬಳಿಯಲಿಲ್ಲ. ಯಂತ್ರ ಎಷ್ಟು ಕೊಡುತ್ತದೋ ಅಷ್ಟರಲ್ಲೇ ಹಾಡು ಕಟ್ಟಿದರು. ಆ ಕಾಲದ ಸದ್ದು ಅಂತ ನಾವು ಇವತ್ತು ಇಷ್ಟಪಡುವುದು ಬಹುಪಾಲು ಆ ಕಾಲದ ಯಂತ್ರಗಳ ಬಡತನವನ್ನೇ. ಒಮ್ಮೆಗೆ ಆರು ಸ್ವರ, ತಾಳದ ಒಂದು ಆವರ್ತಕ್ಕೆ ಹದಿನಾರು ಮನೆ, ರೆಕಾರ್ಡ್ ಮಾಡಲು ಕೆಲವೇ ಟ್ರ್ಯಾಕ್. ಈ ಮಿತಿಗಳನ್ನು ಬೇಕಂತಲೇ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಗಿಟಾರೋ ಹಾರ್ಮೋನಿಯಮ್ಮೋ ಹಿಡಿದು ಹತ್ತಿಪ್ಪತ್ತು ವರ್ಷ ಹಾಡು ಕಟ್ಟಿದವರಿಗಾಗಿ ಇದನ್ನು ಬರೆದಿದ್ದೇನೆ. ನಿಮಗೆ ಕಾರ್ಡ್ ಗೊತ್ತು, ಪದ ಗೊತ್ತು, ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತು. ಸಿಂಥ್ ಮಾತ್ರ ಹೊಸದು. ಅದು ಅಂದುಕೊಂಡಷ್ಟು ಕಷ್ಟದ್ದಲ್ಲ.

ಮೊದಲು ಹಾಡು ಆರಿಸಿ

ನಿಮ್ಮ ಹಾಡುಗಳಲ್ಲಿ ಎಲ್ಲವೂ ಇದಕ್ಕೆ ಒಗ್ಗುವುದಿಲ್ಲ. ಗಿಟಾರನ್ನು ಪಕ್ಕಕ್ಕಿಟ್ಟು, ಬೆರಳಲ್ಲಿ ಮೇಜು ಕುಟ್ಟಿಕೊಂಡು ಹಾಡಿ ನೋಡಿ. ಅಷ್ಟರಲ್ಲೇ ಹಾಡು ನಿಂತರೆ ಅದನ್ನು ತಗೊಳ್ಳಿ. ಗಿಟಾರ್ ಇಲ್ಲದೆ ಮಧ್ಯೆ ಮಧ್ಯೆ ಖಾಲಿ ಅನಿಸಿದರೆ, ಆ ಹಾಡಿನ ಜೀವ ನಿಮ್ಮ ಬೆರಳುಗಳಲ್ಲಿದೆ. ಅದನ್ನು ಈಗ ಮುಟ್ಟಬೇಡಿ.

ಮೂರು ನಾಲ್ಕು ಕಾರ್ಡಿನ ಹಾಡು ಸಾಕು. ಕಾರ್ಡ್ ಕಡಿಮೆ ಇದ್ದಷ್ಟೂ ಒಳ್ಳೆಯದೇ. ಇಲ್ಲಿ ಬದಲಾವಣೆ ಬರುವುದು ಸದ್ದಿನ ಬಣ್ಣದಿಂದ, ಕಾರ್ಡಿನಿಂದಲ್ಲ. ಪಲ್ಲವಿಯ ಸಾಲು ಚಿಕ್ಕದಿರಲಿ, ಸಾಲಿನ ಕೊನೆಗೆ ಎಳೆದು ಹಾಡಬಹುದಾದ ದೀರ್ಘ ಸ್ವರ ಇರಲಿ. ಕನ್ನಡದಲ್ಲಿ ಇದಕ್ಕೇನು ಕೊರತೆ? ಆ, ಏ, ಓ ಸಾಲಿನ ಕೊನೆಯಲ್ಲಿ ತಾನಾಗಿಯೇ ಬರುತ್ತವೆ.

ಶ್ರುತಿಯನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಎರಡನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಜಿ ಆಕಾರ ಹಿಡಿಯುತ್ತಿದ್ದರೆ ನಿಜವಾದ ಶ್ರುತಿ ಎ. ಹಾರ್ಮೋನಿಯಂ ಕಪ್ಪು ಒಂದು ಅಂದರೆ ಕೀಬೋರ್ಡಿನಲ್ಲಿ ಸಿ ಶಾರ್ಪ್. ಆಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟರೆ ಬೇಸ್ (ತಳದ ದಪ್ಪ ಸ್ವರ) ಒಂದು ಕಡೆ, ನೀವು ಒಂದು ಕಡೆ. ಹಾಗೇ ಶ್ರುತಿಯನ್ನು ಒಂದೆರಡು ಸ್ವರ ಇಳಿಸಿ ಹಾಡಿ ನೋಡಿ. ಸ್ಟ್ರಮ್ ಮಾಡುವಾಗ ಗಿಟಾರಿನ ಮೇಲೆ ದನಿ ಕೇಳಲಿ ಅಂತ ನಾವು ಎತ್ತರದಲ್ಲಿ ಹಾಡುತ್ತೇವೆ. ಇಲ್ಲಿ ಆ ಪೈಪೋಟಿ ಇಲ್ಲ.

ಸಾಮಾನು

ಹಳೇ ಯಂತ್ರ ಬೇಕಾಗಿಲ್ಲ. ಆ ಕಾಲದ ಸಿಂಥ್ ರೋಲ್ಯಾಂಡ್ ಜೂನೋ 60 ಹೊರಬಂದದ್ದು 1982ರಲ್ಲಿ. ಇವತ್ತು ಸುಸ್ಥಿತಿಯಲ್ಲಿರುವ ಒಂದು ಸಿಕ್ಕರೆ ಬೆಲೆ ಲಕ್ಷ ದಾಟುತ್ತದೆ. ಜಪಾನಿನಿಂದ ತರಿಸಿದ್ದಾದರೆ ಅದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಕತೆ ಮುಗಿಯಿತು, ನಡುವೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದು ಕೆಟ್ಟರೆ ರಿಪೇರಿ ಮಾಡುವವರನ್ನು ಹುಡುಕಿಕೊಂಡು ಅಲೆಯಬೇಕು. ಸುಮ್ನೆ ತಲೆನೋವು.

ಒಂದು ಸಾಧಾರಣ ಲ್ಯಾಪ್‌ಟಾಪ್, ಇಪ್ಪತ್ತೈದು ಕೀಗಳ ಮಿಡಿ ಕೀಬೋರ್ಡ್ (ಯಾವ ಕೀ ಒತ್ತಿದಿರಿ ಅಂತ ಲ್ಯಾಪ್‌ಟಾಪಿಗೆ ಹೇಳುವಂಥದ್ದು), ಹೆಡ್‌ಫೋನ್, ಒಂದು ಮೈಕ್, ಅದನ್ನು ಲ್ಯಾಪ್‌ಟಾಪಿಗೆ ಸೇರಿಸಲು ಆಡಿಯೋ ಇಂಟರ್‌ಫೇಸ್. ರೆಕಾರ್ಡ್ ಮಾಡಲು ಆಪಲ್‌ನವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ರೀಪರ್ ಅರವತ್ತು ದಿನ ಉಚಿತವಾಗಿ ಸಿಗುತ್ತದೆ. ಫೋನ್ ಮಾತ್ರ ಇದ್ದವರು ಬ್ಯಾಂಡ್‌ಲ್ಯಾಬ್‌ನಲ್ಲಿ ಶುರು ಮಾಡಬಹುದು. ಲ್ಯಾಪ್‌ಟಾಪಿನಲ್ಲೇ ಓಡುವ ಸಿಂಥ್‌ಗಳ ಪೈಕಿ ಡೆಕ್ಸ್‌ಡ್, ಸರ್ಜ್ ಎಕ್ಸ್‌ಟಿ, ಟಾಲ್ ನಾಯ್ಸ್‌ಮೇಕರ್ ಮೂರೂ ಉಚಿತ. ಜೂನೋದ ಕೋರಸ್ ಸದ್ದಿಗೆ (ಒಂದೇ ಸದ್ದು ಹಲವಾಗಿ ಹರಡಿದಂತೆ ಕೇಳಿಸುವ ಎಫೆಕ್ಟ್) ಟಾಲ್ ಕೋರಸ್ ಎಲ್‌ಎಕ್ಸ್ ಅಂತ ಇನ್ನೊಂದಿದೆ, ಅದೂ ಉಚಿತವೇ.

ಇಷ್ಟನ್ನು ಹಾಕಿಕೊಂಡು ಅಲ್ಲಿಗೇ ನಿಲ್ಲಿಸಿ. ಇನ್ನೂ ಚೆನ್ನಾಗಿರೋದು ಏನಾದರೂ ಇದೆಯಾ ಅಂತ ಹುಡುಕಲು ಕೂತವರು ಹುಡುಕುತ್ತಲೇ ಇರುತ್ತಾರೆ, ಹಾಡು ಅಲ್ಲೇ ಇರುತ್ತದೆ.

ಈಗ ಒಂದು ಚೀಟಿಯಲ್ಲಿ ಬರೆದು ಮುಂದೆ ಅಂಟಿಸಿಕೊಳ್ಳಿ: ಡ್ರಮ್, ಬೇಸ್, ಪ್ಯಾಡ್ (ಹಿಂದೆ ಎಳೆದು ನಿಲ್ಲುವ ಕಾರ್ಡುಗಳ ಸದ್ದು), ಒಂದು ಮಿನುಗುವ ಸದ್ದು, ದನಿ. ಒಟ್ಟು ಐದು. ಆರನೆಯದು ಬೇಕು ಅನಿಸಿದರೆ ಐದರಲ್ಲಿ ಒಂದನ್ನು ತೆಗೆಯಬೇಕು. ಈ ನಿಯಮವನ್ನು ಮೊದಲ ಹಾಡಿಗಾದರೂ ಪಾಲಿಸಿ.

ಲಯದಿಂದ ಶುರು ಮಾಡಿ

ಗಿಟಾರಿಗರ ಲಯ ಉಸಿರಾಡುತ್ತದೆ. ಚರಣದಲ್ಲಿ ತುಸು ನಿಧಾನ, ಪಲ್ಲವಿಗೆ ಬಂದಾಗ ತುಸು ಚುರುಕು. ಯಂತ್ರ ಹಾಗಲ್ಲ. ಅದಕ್ಕೇ ಮೊದಲು ಲಯ ಗಟ್ಟಿ ಮಾಡಿಕೊಳ್ಳಬೇಕು. ವಾದ್ಯ ಇಲ್ಲದೆ ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮೆಟ್ರೋನೋಮ್ ಆಪ್‌ನಲ್ಲಿ ಟ್ಯಾಪ್ ಗುಂಡಿ ಇರುತ್ತದೆ, ಪಲ್ಲವಿ ಕೇಳುತ್ತಾ ಅದನ್ನು ಕುಟ್ಟಿ. ನಿಮಿಷಕ್ಕೆ ಎಷ್ಟು ಬಡಿತ ಅಂತ ಅದೇ ಹೇಳುತ್ತದೆ.

ಸಿಂಥ್ ಪಾಪ್ ಸಾಮಾನ್ಯವಾಗಿ 100ರಿಂದ 130ರ ನಡುವೆ ಓಡುತ್ತದೆ. ನಿಮ್ಮದು 84 ಬಂತು ಅಂತಿಟ್ಟುಕೊಳ್ಳಿ. ಎಳೆದು 120ಕ್ಕೆ ತರಬೇಡಿ, ಪದಗಳು ಉಸಿರುಗಟ್ಟುತ್ತವೆ. ಲಯ ಹಾಗೇ ಇರಲಿ, ಹೈಹ್ಯಾಟನ್ನು (ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು) ಮಾತ್ರ ಎರಡರಷ್ಟು ವೇಗದಲ್ಲಿ ಓಡಿಸಿ. ಹಾಡು ನಡೆಯುತ್ತಲೇ ಇರುತ್ತದೆ, ಕೇಳುವವರ ಕಾಲು ಕುಣಿಯುತ್ತದೆ.

ಆ ಕಾಲದ ಡ್ರಮ್ ಯಂತ್ರಗಳಲ್ಲಿ ಹೆಸರು ತಿಳಿದಿರಬೇಕಾದವು ಎರಡು. ರೋಲ್ಯಾಂಡ್ ಟಿಆರ್ 808 1980ರದು. ಅದರಲ್ಲಿ ಎಲ್ಲ ಸದ್ದೂ ಸರ್ಕಿಟ್‌ನಿಂದಲೇ ಹುಟ್ಟಿದ್ದು, ಹಾಗಾಗಿ ನಿಜವಾದ ಡ್ರಮ್ಮಿನಂತೆ ಕೇಳುವುದೇ ಇಲ್ಲ. 1982ರ ಲಿನ್‌ಡ್ರಮ್‌ನಲ್ಲಿ ನಿಜವಾದ ಡ್ರಮ್ ಸದ್ದಿನ ಚೂರುಗಳಿದ್ದವು. ನಿಧಾನದ, ಒಂಟಿತನದ ಹಾಡಿಗೆ 808. ಎದ್ದು ನಡೆಯುವ ಹಾಡಿಗೆ ಲಿನ್. ಇದು ನನ್ನ ರುಚಿ, ಶಾಸ್ತ್ರವಲ್ಲ. ಎರಡರ ಸದ್ದೂ ಹುಡುಕಿದರೆ ಉಚಿತವಾಗಿ ಸಿಗುತ್ತವೆ. 1987ರ ‘ಪ್ರೇಮಲೋಕ’ದ ಹಾಡುಗಳನ್ನು ಕೇಳುತ್ತಾ ಬೆಳೆದವರಿಗೆ ಎಲೆಕ್ಟ್ರಾನಿಕ್ ತಾಳ ಏನು ಹೊಸದಲ್ಲ, ಅಲ್ವಾ?

ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಹದಿನಾರು ಮನೆಗಳ ಸಾಲು (ಸ್ಟೆಪ್ ಸೀಕ್ವೆನ್ಸರ್) ತೆರೆಯಿರಿ. ಕಿಕ್ (ದೊಡ್ಡ ಡ್ರಮ್ಮಿನ ದಪ್ಪ ಹೊಡೆತ) ಒಂದನೇ ಮತ್ತು ಒಂಬತ್ತನೇ ಮನೆಗೆ. ಸ್ನೇರ್ (ಚಿಕ್ಕ ಡ್ರಮ್ಮಿನ ಚುರುಕು ಹೊಡೆತ) ಐದು ಮತ್ತು ಹದಿಮೂರಕ್ಕೆ. ಹೈಹ್ಯಾಟ್ ಬೆಸ ಸಂಖ್ಯೆಯ ಎಲ್ಲ ಮನೆಗೂ. ಮುಗಿಯಿತು. ಪಲ್ಲವಿಗೆ ಬಂದಾಗ ಕಿಕ್ ಅನ್ನು ಹನ್ನೊಂದಕ್ಕೂ ಹಾಕಿ, ಹದಿಮೂರನೇ ಮನೆಯ ಸ್ನೇರ್ ಜೊತೆ ಕ್ಲ್ಯಾಪ್ ಸೇರಿಸಿ. ಇದಕ್ಕಿಂತ ಜಾಸ್ತಿ ಬೇಡ. ಡ್ರಮ್ಮರ್ ಇದ್ದಿದ್ದರೆ ಇಲ್ಲೊಂದು ಉರುಳಿಕೆ ಹಾಕುತ್ತಿದ್ದ ಅನಿಸುವ ಜಾಗದಲ್ಲೆಲ್ಲ ಸುಮ್ಮನಿರಿ.

ನಮ್ಮ ಹಾಡುಗಳಲ್ಲಿ ಒಂದು ತೊಡಕು ಬರುತ್ತದೆ. ಭಾವಗೀತೆ, ಜಾನಪದ ಧಾಟಿಯ ಎಷ್ಟೋ ಹಾಡು ದಾದ್ರಾದಲ್ಲಿವೆ, ಆರು ಮಾತ್ರೆಯವು. ಅದನ್ನು ನಾಲ್ಕಕ್ಕೆ ಬಗ್ಗಿಸಲು ಹೋದರೆ ಪದದ ಒತ್ತು ತಪ್ಪುತ್ತದೆ. ಬಗ್ಗಿಸಬೇಡಿ. ಹದಿನಾರರ ಬದಲು ಹನ್ನೆರಡು ಮನೆಗೆ ಸಾಲು ನಿಲ್ಲಿಸಿ, ಒಂದರಲ್ಲಿ ಕಿಕ್, ಏಳರಲ್ಲಿ ಸ್ನೇರ್, ಬೆಸ ಮನೆಗಳಲ್ಲಿ ಹೈಹ್ಯಾಟ್. ಏಳು ಮಾತ್ರೆಯ ಮಿಶ್ರ ಗತಿಯಾದರೆ ಹದಿನಾಲ್ಕು ಮನೆ, ಕಿಕ್ ಒಂದಕ್ಕೆ, ಸ್ನೇರ್ ಏಳಕ್ಕೆ ಮತ್ತು ಹನ್ನೊಂದಕ್ಕೆ. ಯಂತ್ರಕ್ಕೆ ಎಲ್ಲ ಲೆಕ್ಕವೂ ಒಂದೇ. ಸಿಂಥ್ ಪಾಪ್‌ನಲ್ಲಿ ಏಳರ ನಡೆ ಅಪರೂಪ, ಹಾಗಾಗಿ ಅದು ನಿಮ್ಮದೇ ಆಗುತ್ತದೆ.

ಇನ್ನು ಸ್ನೇರ್‌ನ ಆ ಪ್ರಸಿದ್ಧ ಹೊಡೆತ. ದೊಡ್ಡ ಹಾಲ್‌ನಲ್ಲಿ ಗುಡುಗಿದಂತೆ ಶುರುವಾಗಿ ತಟ್ಟನೆ ಕತ್ತರಿಸಿದಂತೆ ನಿಲ್ಲುವ ಸದ್ದು. 1980ರಲ್ಲಿ ಬಂದ ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್ ಆಲ್ಬಂ ರೆಕಾರ್ಡ್ ಆಗುತ್ತಿದ್ದಾಗ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಇದು ರೂಪು ಪಡೆಯಿತು. ಡ್ರಮ್ ನುಡಿಸುತ್ತಿದ್ದವರು ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಡ್‌ಹ್ಯಾಮ್. ಕಲಾವಿದರ ಮಾತು ಕೇಳಿಸಿಕೊಳ್ಳಲು ತೂಗುಹಾಕಿದ್ದ ಮೈಕಿಗೆ ಡ್ರಮ್ ಸದ್ದು ಬಿದ್ದಾಗ ಅದು ವಿಪರೀತ ದಪ್ಪವಾಗಿ ಕೇಳಿಸಿತು. ಆ ಸದ್ದಿಗೆ ಗೇಟ್ (ಸದ್ದನ್ನು ತಟ್ಟನೆ ಮುಚ್ಚುವ ಸಾಧನ) ಹಾಕಿ ಕತ್ತರಿಸಿದರು. ನೀವು ಮಾಡಬೇಕಾದ್ದು ಇಷ್ಟು: ಸ್ನೇರ್‌ಗೆ ದೊಡ್ಡ ಕೋಣೆಯ ರಿವರ್ಬ್ (ಅನುರಣನ) ಹಾಕಿ, ರಿವರ್ಬ್ ಆದ ಮೇಲೆ ಗೇಟ್ ಹಾಕಿ, 250 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಮುಚ್ಚುವಂತೆ ಮಾಡಿ. ಇದನ್ನು ಪಲ್ಲವಿಯಲ್ಲಿ ಮಾತ್ರ ಬಳಸಿ. ಇಡೀ ಹಾಡಿಗೆ ಹಾಕಿದರೆ ಮೂರನೇ ನಿಮಿಷಕ್ಕೆ ತಲೆ ಚಿಟ್ಟು ಹಿಡಿಯುತ್ತದೆ.

ಬೇಸ್

ಸಿಂಥ್‌ನಲ್ಲಿ ಸಾ-ಟೂತ್ (ಗರಗಸದ ಹಲ್ಲಿನಾಕಾರದ) ಅಲೆ ಒಂದು, ಅದರ ಒಂದು ಸ್ಥಾಯಿ ಕೆಳಗೆ ಸ್ಕ್ವೇರ್ (ಚೌಕಾಕಾರದ) ಅಲೆ ಒಂದು. ಮೇಲಿನ ಚೂಪು ಸದ್ದನ್ನು ಕತ್ತರಿಸುವ ಫಿಲ್ಟರ್ ತುಂಬಾ ತಗ್ಗಿಸಿ. ಸ್ವರ ಬೇಗ ಆರಿಹೋಗಲಿ. ಒಮ್ಮೆಗೆ ಒಂದೇ ಸ್ವರ ಬರುವಂತೆ ಮೋನೋಗೆ ಹಾಕಿ. ನುಡಿಸುವುದು ಕಾರ್ಡಿನ ಮೂಲ ಸ್ವರ, ಕೆಳಗಿನದು ಒಮ್ಮೆ, ಮೇಲಿನ ಸ್ಥಾಯಿಯದು ಒಮ್ಮೆ, ಹೈಹ್ಯಾಟ್ ಜೊತೆ ಜೊತೆಗೆ. ಈ ಜಿಗಿತಕ್ಕೆ ಇನ್ನೊಂದು ಲಾಭವೂ ಇದೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ತೀರಾ ಕೆಳಗಿನ ಸ್ವರ ಕೇಳುವುದೇ ಇಲ್ಲ, ಮೇಲಿನದು ಕೇಳುತ್ತದೆ, ಹಾಗಾಗಿ ಬೇಸ್ ಮಾಯವಾಗುವುದಿಲ್ಲ.

ಬೇಸ್ ಮತ್ತು ಡ್ರಮ್ ಎರಡನ್ನೂ ಪೂರ್ತಿ ಲೆಕ್ಕಕ್ಕೆ ಕೂರಿಸಿ, ಕ್ವಾಂಟೈಸ್ ನೂರಕ್ಕೆ ನೂರು. ಮನುಷ್ಯ ಸ್ಪರ್ಶ ಬೇಕು ಅಂತ ಇಲ್ಲಿ ಸಡಿಲ ಬಿಡಬೇಡಿ. ಅದು ದನಿಯಲ್ಲಿ ಬರುತ್ತದೆ.

ಪ್ಯಾಡ್: ಕೈ ಆದಷ್ಟು ಕಡಿಮೆ ಅಲುಗಾಡಲಿ

ಗಿಟಾರಿಗರು ಎಡವುವುದು ಇಲ್ಲಿಯೇ. ಗಿಟಾರಿನ ಜಿ ಕಾರ್ಡಿನಲ್ಲಿ ಆರು ತಂತಿ, ಆರು ಸ್ವರ. ಅದನ್ನೇ ಸಿಂಥ್ ಮೇಲೆ ಇಳಿಸಿದರೆ ಗಂಜಿಯಾಗುತ್ತದೆ. ಕಾರ್ಡ್ ಬದಲಾದಾಗಲೆಲ್ಲ ಕೈ ಎತ್ತಿ ಇನ್ನೊಂದು ಕಡೆ ಇಟ್ಟರೆ ಸದ್ದು ಕುಪ್ಪಳಿಸುತ್ತದೆ. ಪ್ಯಾಡ್ ಅಂದರೆ ತೇಲಬೇಕು.

ಜಿ, ಇ ಮೈನರ್, ಸಿ, ಡಿ ತಗೊಳ್ಳಿ. ಎಷ್ಟು ಹಾಡಿಗೆ ಈ ನಾಲ್ಕು ಆಗಿಬಂದಿವೆಯೋ! ಕೀಬೋರ್ಡಿನ ಮಧ್ಯದಲ್ಲಿ ಮೂರೇ ಬೆರಳಿಡಿ:

ಜಿ ಕಾರ್ಡಿಗೆ: ಜಿ, ಬಿ, ಡಿ
ಇ ಮೈನರ್‌ಗೆ: ಜಿ, ಬಿ, ಇ
ಸಿ ಕಾರ್ಡಿಗೆ: ಜಿ, ಸಿ, ಇ
ಡಿ ಕಾರ್ಡಿಗೆ: ಎಫ್ ಶಾರ್ಪ್, ಎ, ಡಿ

ಮೊದಲ ಬದಲಾವಣೆಯಲ್ಲಿ ಒಂದೇ ಬೆರಳು ಸರಿಯಿತು. ಎರಡನೆಯದರಲ್ಲೂ ಒಂದೇ. ಮೂರನೆಯದರಲ್ಲಿ ಮಾತ್ರ ಮೂರೂ ಬೆರಳು ಸ್ವಲ್ಪ ಕೆಳಗಿಳಿದವು. ಮತ್ತೆ ಜಿಗೆ ಬರುವಾಗ ಮೇಲಿನ ಡಿ ಹಾಗೇ ಉಳಿಯುತ್ತದೆ. ಮೂಲ ಸ್ವರದ ಚಿಂತೆ ಪ್ಯಾಡ್‌ಗೆ ಬೇಡ, ಅದನ್ನು ಬೇಸ್ ನೋಡಿಕೊಳ್ಳುತ್ತದೆ. ಒಂದು ಚರಣದಲ್ಲಿ ಬೇಸನ್ನು ಜಿಯಲ್ಲೇ ನಿಲ್ಲಿಸಿ, ಮೇಲೆ ಕಾರ್ಡ್ ಮಾತ್ರ ಬದಲಿಸಿ ನೋಡಿ. ಡಿ ಬಂದಾಗ ಹಾಡು ಗಾಳಿಯಲ್ಲಿ ನಿಂತ ಹಾಗಾಗುತ್ತದೆ. ತಂಬೂರಿ ಶ್ರುತಿಯ ಮೇಲೆ ಹಾಡಿ ಅಭ್ಯಾಸವಿರುವ ಕಿವಿಗೆ ಇದು ಕೂಡಲೇ ಹಿಡಿಸುತ್ತದೆ.

ಸದ್ದನ್ನು ಪ್ರಿಸೆಟ್‌ನಿಂದ (ಸಿಂಥ್ ಜೊತೆ ಸಿದ್ಧವಾಗಿ ಬರುವ ಸದ್ದು) ಆರಿಸುವ ಬದಲು ಒಮ್ಮೆ ನೀವೇ ಮಾಡಿ. ನಾಯ್ಸ್‌ಮೇಕರ್‌ನಲ್ಲಿ ಎಲ್ಲವನ್ನೂ ಸೊನ್ನೆಗೆ ತಂದು ಶುರು ಮಾಡಿ. ಒಂದು ಸಾ-ಟೂತ್, ಒಂದು ಪಲ್ಸ್. ಪಲ್ಸ್‌ನ ಅಗಲವನ್ನು ನಿಧಾನದ ಎಲ್‌ಎಫ್‌ಓಗೆ (ಸದ್ದನ್ನು ಮೆಲ್ಲಗೆ ಏರಿಳಿಸುವ ಅಲೆ) ಕಟ್ಟಿ, ಎರಡು ಸೆಕೆಂಡಿಗೊಂದು ಸುತ್ತು ಸಾಕು. ಫಿಲ್ಟರ್ ಕಟ್‌ಆಫ್ (ಕತ್ತರಿಸುವ ಜಾಗ) ಅರ್ಧಕ್ಕಿಂತ ಕೆಳಗೆ, ರೆಸೊನೆನ್ಸ್ (ಆ ಜಾಗದ ಸದ್ದನ್ನು ಎತ್ತುವುದು) ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಟ್ಯಾಕ್ (ಸದ್ದು ಏರುವ ಹೊತ್ತು) ಮೂರನೇ ಒಂದು ಸೆಕೆಂಡ್, ರಿಲೀಸ್ (ಕೀ ಬಿಟ್ಟ ಮೇಲೆ ಆರುವ ಹೊತ್ತು) ಒಂದು ಸೆಕೆಂಡ್. ಈಗ ಕೇಳಿ. ತೆಳ್ಳಗೆ, ಸಪ್ಪೆಯಾಗಿದೆ. ಇದರ ಮೇಲೆ ಕೋರಸ್‌ನ ಒಂದನೇ ಗುಂಡಿ ಒತ್ತಿ. ಸದ್ದು ಎರಡೂ ಕಿವಿಗೆ ಹರಡಿ ಬೆಚ್ಚಗಾಗುತ್ತದೆ. ಜೂನೋದ ಗುಟ್ಟು ಇದೇ. ಒಂದು ಸ್ವರಕ್ಕೆ ಒಂದೇ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಕೊಟ್ಟು ಖರ್ಚು ಉಳಿಸಿದರು, ಆ ಬಡತನ ಮುಚ್ಚಲು ಕೋರಸ್ ಹಾಕಿದರು. ಈಗ ಜನ ದುಡ್ಡು ಕೊಡುವುದು ಆ ಕೋರಸ್‌ಗೇ.

ಪ್ಯಾಡನ್ನು ಕೈಯಲ್ಲೇ ನುಡಿಸಿ, ಕ್ವಾಂಟೈಸ್ ಮಾಡಬೇಡಿ. ಚರಣದಿಂದ ಪಲ್ಲವಿಗೆ ಹೋಗುವಾಗ ಫಿಲ್ಟರನ್ನು ನಾಲ್ಕು ಆವರ್ತದುದ್ದಕ್ಕೂ ನಿಧಾನವಾಗಿ ತೆರೆಯಿರಿ. ಗಿಟಾರಿನಲ್ಲಿ ಜೋರಾಗಿ ಸ್ಟ್ರಮ್ ಮಾಡಿ ತರುತ್ತಿದ್ದ ಏರಿಕೆ ಇಲ್ಲಿ ಹೀಗೆ ಬರುತ್ತದೆ.

ಗಂಧಾರದ ತಕರಾರು

ಇದನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದಿಲ್ಲ, ಯಾಕಂದರೆ ಅವರಿಗೆ ಈ ತೊಂದರೆ ಇಷ್ಟಾಗಿ ಬರುವುದಿಲ್ಲ. ಕೀಬೋರ್ಡಿನ ಮೇಜರ್ ಗಂಧಾರ, ಶ್ರುತಿಶುದ್ಧ ಗಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಒಂದು ಅರ್ಧಸ್ವರದ ಏಳನೇ ಒಂದು ಪಾಲು. ಗಿಟಾರ್ ತಂತಿ ಮಿಡಿದ ಕೂಡಲೇ ಆರುತ್ತದೆ, ಗೊತ್ತಾಗುವುದಿಲ್ಲ. ಪ್ಯಾಡ್ ಆರುವುದಿಲ್ಲ. ನೀವು ತಂಬೂರಿಗೆ ಕೂತು ಕಲಿತ ದನಿಯವರಾದರೆ, ಮೋಹನದ ಗಂಧಾರ ಎಳೆದು ನಿಲ್ಲಿಸಿದಾಗ ಕೆಳಗೆ ಸಿಂಥ್ ಕಚ್ಚಾಡುತ್ತದೆ. ಹಾಡುವವರಿಗೆ ತಾನೇ ಶ್ರುತಿ ತಪ್ಪಿದೆನೇನೋ ಅನಿಸುತ್ತದೆ.

ಪರಿಹಾರ ಸುಲಭ. ಅಂಥ ಕಡೆ ಪ್ಯಾಡ್‌ನಿಂದ ಗಂಧಾರವನ್ನು ತೆಗೆದುಬಿಡಿ. ಸಾ ಮತ್ತು ಪಾ ಮಾತ್ರ ಹಿಡಿಯಿರಿ. ಗಂಧಾರವನ್ನು ದನಿ ಹೇಳಲಿ. ಸದ್ದು ತುಸು ಚಳಿಯಾಗುತ್ತದೆ, ಆದರೆ ಸಿಂಥ್ ಪಾಪ್‌ಗೆ ಆ ಚಳಿ ಒಪ್ಪುತ್ತದೆ.

ರಾಗ ಮತ್ತು ಸಿಂಥ್ ಜೊತೆ ಬಾಳಲ್ಲ ಅನ್ನುವವರಿಗೆ ಚರಣಜಿತ್ ಸಿಂಗ್ ನೆನಪು ಮಾಡಿ. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್‌ನ ಜುಪಿಟರ್ 8 ಸಿಂಥ್, ಟಿಬಿ 303 ಬೇಸ್ ಯಂತ್ರ, ಟಿಆರ್ 808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಯಾರೂ ಹೆಚ್ಚು ಕೇಳಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಹೊರದೇಶದವರು ಬೆರಗಾದರು. ಟಿಬಿ 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿದೆ, ಜಾರು ಕೇಳುವ ನಮ್ಮ ಕಿವಿಗೆ ಅದು ಪರಕೀಯ ಅನಿಸುವುದಿಲ್ಲ. ನಿಮ್ಮ ಸಿಂಥ್‌ನಲ್ಲಿ ಅದರ ಹೆಸರು ಗ್ಲೈಡ್ ಅಥವಾ ಪೋರ್ಟಮೆಂಟೋ. ಮೋನೋಗೆ ಹಾಕಿ, ಸ್ವರಗಳನ್ನು ಒಂದರ ಮೇಲೊಂದು ಸ್ವಲ್ಪ ಸೇರುವ ಹಾಗೆ ನುಡಿಸಿದರೆ ಜಾರುತ್ತದೆ.

ಮಿನುಗು

ಚೀಟಿಯ ನಾಲ್ಕನೇ ಸಾಲು. ಇಲ್ಲಿ ಎರಡು ದಾರಿ, ಒಂದನ್ನು ಆರಿಸಿ.

ಯಮಾಹಾ ಡಿಎಕ್ಸ್ 7ರ ಗಂಟೆ-ಪಿಯಾನೋ ಒಂದು. 1983ರ ಯಂತ್ರ, ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನದ್ದು (ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ಸದ್ದು ಮಾಡುವುದು). ತಿರುಗಿಸಲು ಗುಬ್ಬಿಗಳೇ (ನಾಬ್) ಇಲ್ಲದ ಆ ಯಂತ್ರದಲ್ಲಿ ಸದ್ದು ಮಾಡುವುದು ಎಷ್ಟು ತ್ರಾಸವೆಂದರೆ, ಬಹಳ ಜನ ಜೊತೆಗೆ ಬಂದ ಸದ್ದುಗಳನ್ನೇ ಬಳಸಿದರು. ಆ ದಶಕದ ಅಷ್ಟೊಂದು ಹಾಡುಗಳಲ್ಲಿ ಒಂದೇ ಪಿಯಾನೋ ಕೇಳುವುದು ಇದಕ್ಕೇ. ಡೆಕ್ಸ್‌ಡ್‌ನಲ್ಲಿ ಆ ಹಳೇ ಸದ್ದುಗಳೇ ತೆರೆಯುತ್ತವೆ. ಮೆಲ್ಲಗೆ ಮುಟ್ಟಿದರೆ ಮೃದು, ಬಡಿದರೆ ಕಂಚಿನಂತೆ.

ಇನ್ನೊಂದು ಆರ್ಪೆಜಿಯೇಟರ್. ಕಾರ್ಡ್ ಹಿಡಿದರೆ ಅದೇ ಒಂದೊಂದು ಸ್ವರವಾಗಿ ಬಿಡಿಸಿ ನುಡಿಸುತ್ತದೆ. ಬೆರಳಲ್ಲಿ ಪಿಕಿಂಗ್ ಮಾಡಿ ಅಭ್ಯಾಸವಿರುವವರಿಗೆ ನನ್ನ ಸಲಹೆ ಇದು. ಪಿಕಿಂಗ್‌ನಲ್ಲಿ ಹೆಬ್ಬೆರಳು ಮಾಡುವ ಕೆಲಸ ಬೇರೆ, ಉಳಿದ ಬೆರಳುಗಳದು ಬೇರೆ. ಹೆಬ್ಬೆರಳಿನ ಪಾಲು ಈಗಾಗಲೇ ಬೇಸ್‌ಗೆ ಹೋಗಿದೆ. ಉಳಿದದ್ದನ್ನು ಆರ್ಪೆಜಿಯೇಟರ್‌ಗೆ ಕೊಡಿ. ನಿಮ್ಮ ಕೈಬರಹ ಉಳಿಯುತ್ತದೆ, ಗಿಟಾರ್ ಮಾತ್ರ ಇಲ್ಲ. ಪದ ದಟ್ಟವಾಗಿರುವ ಚರಣದಲ್ಲಿ ಬಡಿತಕ್ಕೆ ಎರಡು ಸ್ವರ, ಪದವಿಲ್ಲದ ಕಡೆ ನಾಲ್ಕು. ಹಾಡಿನ ಲಯಕ್ಕೆ ಸಿಂಕ್ ಆಗಿದೆಯಾ ನೋಡಿಕೊಳ್ಳಿ.

ದನಿ

ಗಿಟಾರ್ ಹಿಡಿದು ಹಾಡುತ್ತಿದ್ದ ನೀಲ್ ಯಂಗ್ ಕೂಡ ಇದೇ ಹಾದಿಗೆ ಬಂದವರು. 1982ರಲ್ಲಿ ವೋಕೋಡರ್ ಹಾಕಿ, ದನಿಯನ್ನು ಯಂತ್ರದ ದನಿ ಮಾಡಿ ಹಾಡಿದರು. ಅಭಿಮಾನಿಗಳಿಗೆ ಪದವೇ ತಿಳಿಯಲಿಲ್ಲ. ಅದಕ್ಕೊಂದು ಕಾರಣವಿತ್ತು. ಸೆರೆಬ್ರಲ್ ಪಾಲ್ಸಿ ಇದ್ದ, ಮಾತು ಬಾರದ ಮಗನ ಜೊತೆ ಮಾತಾಡಲು ಪಡುತ್ತಿದ್ದ ಪಾಡೇ ಆ ಹಾಡುಗಳ ಹಿಂದಿತ್ತು. ಆಮೇಲಿನ ಆಲ್ಬಂ ಕೂಡ ನಿರೀಕ್ಷೆಯಂತೆ ಇರದಿದ್ದಾಗ ಅವರ ಕಂಪನಿ, ಇವು ನೀಲ್ ಯಂಗ್ ಆಲ್ಬಂಗಳಂತೆ ಇಲ್ಲ ಎಂದು 1983ರಲ್ಲಿ ಅವರ ಮೇಲೆಯೇ ದಾವೆ ಹೂಡಿತು. ಅಂಥ ಬಲವಾದ ಕಾರಣ ನಿಮಗಿದ್ದರೆ ವೋಕೋಡರ್ ಹಾಕಿ. ಮಜವಾಗಿದೆ ಅಂತಷ್ಟೇ ಆದರೆ ಬೇಡ.

ಕೋಹೆನ್ ದಾರಿ ನಮ್ಮಂಥವರಿಗೆ ಹತ್ತಿರ. ಸುತ್ತ ಎಲ್ಲ ಯಂತ್ರ, ನಡುವೆ ತಗ್ಗಿನ, ಒಣಗಿದ, ಹತ್ತಿರದ ದನಿ. ಜೊತೆಗೆ ಹೆಣ್ಣು ದನಿಗಳ ಹಿಮ್ಮೇಳ. ಮೈಕಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಬನ್ನಿ, ಮುಂದೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಪರದೆ) ಇರಲಿ. ಗಿಟಾರ್ ಇಲ್ಲದಿರುವುದರಿಂದ ಕೂಗುವ ಅಗತ್ಯವಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಹಾಡಿ. ತಾಳಕ್ಕೆ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಚಿಂತೆಯಿಲ್ಲ, ತಿದ್ದಬೇಡಿ. ಪಲ್ಲವಿಯಲ್ಲಿ ಮಾತ್ರ ಅದೇ ಸಾಲನ್ನು ಇನ್ನೊಮ್ಮೆ ಹಾಡಿ ಮೇಲೆ ಸೇರಿಸಿ.

ರಿವರ್ಬ್ ಹಾಕುವಾಗ ಕನ್ನಡಕ್ಕೆ ಒಂದು ಎಚ್ಚರಿಕೆ ಬೇಕು. ಒತ್ತಕ್ಷರ ಜಾಸ್ತಿ ಇರುವ ಸಾಲು ಉದ್ದ ರಿವರ್ಬ್‌ನಲ್ಲಿ ಕಲಸಿಹೋಗುತ್ತದೆ. ‘ಕತ್ತಲೆ’ ಅಂತ ಹಾಡಿದ್ದು ‘ಕತಲೆ’ ಆಗುತ್ತದೆ. ಪ್ರಿ-ಡಿಲೇ ಅಂತ ಒಂದು ಗುಬ್ಬಿ ಇರುತ್ತದೆ, ಅದನ್ನು 70 ಮಿಲಿಸೆಕೆಂಡ್ ಹತ್ತಿರ ಇಡಿ. ಅಕ್ಷರ ಹೊರಗೆ ಬಂದ ಮೇಲೆ ರಿವರ್ಬ್ ಶುರುವಾಗುತ್ತದೆ. ಡಿಲೇಯನ್ನು (ಸದ್ದನ್ನು ತುಸು ತಡವಾಗಿ ಮತ್ತೆ ಕೇಳಿಸುವುದು) ಸಾಲಿನ ಕೊನೆಯ ಪದಕ್ಕೆ ಮಾತ್ರ ಹಾಕಿ. ಅದರ ಲೆಕ್ಕ: 60,000ವನ್ನು ಲಯದಿಂದ ಭಾಗಿಸಿ, ಬಂದದ್ದರ ಮುಕ್ಕಾಲು. ಲಯ 100 ಇದ್ದರೆ 600, ಅದರ ಮುಕ್ಕಾಲು 450 ಮಿಲಿಸೆಕೆಂಡ್. ಮಾರ್ದನಿ ತಾಳದ ಸಂದುಗಳಲ್ಲಿ ಬೀಳುತ್ತದೆ, ಪದದ ಮೇಲೆ ಬೀಳುವುದಿಲ್ಲ.

ಹಾಗಾದರೆ ಗಿಟಾರ್?

ಮೊದಲ ಕರಡು ಮುಗಿಯುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಸುಮ್ನೆ ಕೆಳಗೊಂದು ಸ್ಟ್ರಮ್ ಇರಲಿ ಅಂತ ಸೇರಿಸಿದರೆ ಅದು ಸಿಂಥ್ ಹಾಕಿದ ಗಿಟಾರ್ ಹಾಡಾಗುತ್ತದೆ, ಅಷ್ಟೆ. ಎಲ್ಲ ಮುಗಿದ ಮೇಲೆ ಒಂದೇ ಒಂದು ಜಾಗ ಹುಡುಕಿ, ಎರಡನೇ ಚರಣ ಆದ ಮೇಲೋ ಕೊನೆಯ ಪಲ್ಲವಿಗೆ ಮುಂಚೆಯೋ. ಅಲ್ಲಿ ಪ್ಯಾಡ್ ನಿಲ್ಲಿಸಿ, ಎಂಟು ಆವರ್ತ ಗಿಟಾರ್ ಒಂದೇ ಬರಲಿ. ಕಿವಿ ನಿಮಿರುತ್ತದೆ.

1985ರಲ್ಲಿ ಗಾಯಕಿ ಜೋನಿ ಮಿಚೆಲ್ ತಮಗಿಂತ ಕಿರಿಯ ಸಿಂಥ್ ಕಲಾವಿದ ಥಾಮಸ್ ಡಾಲ್ಬಿಯವರ ಜೊತೆ ಕೆಲಸ ಮಾಡಿದರು. ನೀವೂ ಹಾಗೆ ಕಿರಿಯರೊಬ್ಬರ ಸಹಾಯ ತೆಗೆದುಕೊಳ್ಳುವುದಾದರೆ, ಲಯ, ಶ್ರುತಿ ಮತ್ತು ಹಾಡಿನ ಉದ್ದ ಮೂರನ್ನೂ ಅವರ ಮನೆಗೆ ಹೋಗುವ ಮೊದಲೇ ತೀರ್ಮಾನಿಸಿ. ಸದ್ದಿನ ವಿಷಯದಲ್ಲಿ ಅವರ ಮಾತು ಕೇಳಿ. ಪದ ಕೇಳುತ್ತಿಲ್ಲ ಅನಿಸಿದಾಗ ಮಾತ್ರ ಹಟ ಹಿಡಿಯಿರಿ.

ಮಿಕ್ಸ್ ಮತ್ತು ವೇದಿಕೆ

ಐದೇ ಟ್ರ್ಯಾಕ್ ಇರುವುದರಿಂದ ಮಿಕ್ಸ್ ದೊಡ್ಡ ಕೆಲಸವಲ್ಲ. ದನಿ ಮುಂದೆ, ಕಿಕ್ ಮತ್ತು ಬೇಸ್ ನಡುವೆ, ಪ್ಯಾಡ್ ಎರಡೂ ಬದಿಗೆ. ಪ್ಯಾಡ್‌ನ ತಳದ ಸದ್ದನ್ನು 200 ಹರ್ಟ್ಜ್ ಕೆಳಗೆ ಕತ್ತರಿಸಿ, ಬೇಸ್‌ಗೆ ಜಾಗವಾಗುತ್ತದೆ. ಕೋರಸ್ ಜಾಸ್ತಿಯಾದ ಪ್ಯಾಡ್ ಮೋನೋದಲ್ಲಿ (ಇಲ್ಲಿ ಅಂದರೆ ಎಡ ಬಲ ಎರಡೂ ಸೇರಿ ಒಂದಾದ ಸದ್ದಿನಲ್ಲಿ) ಸೊರಗುತ್ತದೆ, ಹಾಗಾಗಿ ಒಂದು ಸಲ ಮೋನೋ ಮಾಡಿ ಕೇಳಿ. ಫೋನಿನ ಸ್ಪೀಕರ್‌ನಲ್ಲೂ ಕೇಳಿ. ನಿಮ್ಮ ಹಾಡನ್ನು ಹೆಚ್ಚಿನವರು ಕೇಳುವುದು ಅಲ್ಲೇ.

ವೇದಿಕೆಯಲ್ಲಿ ಬೇರೆಯದೇ ಸಮಸ್ಯೆ. ನಮ್ಮಲ್ಲಿ ಜನ ಖುಷಿಯಾದರೆ ಪಲ್ಲವಿಯನ್ನು ಮತ್ತೆ ಹಾಡುತ್ತೇವೆ, ಒಂದು ಸಾಲನ್ನು ನಾಲ್ಕು ಥರ ತಿರುಗಿಸುತ್ತೇವೆ. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ನಿಮಗಾಗಿ ಕಾಯುವುದಿಲ್ಲ. ಅದಕ್ಕೇ ಹಾಡನ್ನು ಪಲ್ಲವಿ, ಚರಣ, ನಡುವಿನ ವಾದ್ಯ ಅಂತ ತುಂಡು ಮಾಡಿ, ಪ್ರತಿ ತುಂಡೂ ಸುತ್ತುತ್ತಿರುವ ಹಾಗೆ ಇಟ್ಟುಕೊಳ್ಳಿ. ಮುಂದಿನ ತುಂಡಿಗೆ ಹೋಗಲು ಕಾಲಲ್ಲಿ ಒತ್ತುವ ಫುಟ್‌ಸ್ವಿಚ್ ಸಾಕು. ಕ್ಲಿಕ್ (ಲಯ ತೋರಿಸುವ ಮೆಟ್ರೋನೋಮ್ ಸದ್ದು) ನಿಮ್ಮ ಕಿವಿಗೆ ಮಾತ್ರ ಬರಲಿ. ಎರಡೇ ಔಟ್‌ಪುಟ್ ಇರುವ ಇಂಟರ್‌ಫೇಸ್ ಆದರೆ ಎಡಕ್ಕೆ ಹಾಡು, ಬಲಕ್ಕೆ ಕ್ಲಿಕ್ ಕಳಿಸಿ, ಬಲದ ವೈರನ್ನು ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಕೊಡಿ. ಸೌಂಡ್ ನೋಡಿಕೊಳ್ಳುವವರಿಗೆ ಇದನ್ನು ಕಾರ್ಯಕ್ರಮ ಶುರುವಾಗುವ ಮೊದಲೇ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಸಭೆಗೆಲ್ಲ ಟಿಕ್ ಟಿಕ್ ಕೇಳುತ್ತದೆ.

ಕೊನೆಯದಾಗಿ, ಕೆಲಸ ಮುಗಿದ ದಿನವೇ ಐದೂ ಟ್ರ್ಯಾಕುಗಳನ್ನು ಬೇರೆ ಬೇರೆ ವೇವ್ ಫೈಲ್ ಆಗಿ ತೆಗೆದಿಡಿ, ಎಲ್ಲವೂ ಒಂದೇ ಕಡೆಯಿಂದ ಶುರುವಾಗಲಿ. ಮಿಡಿ ಫೈಲ್ ಕೂಡ ಇರಲಿ. ಫೋಲ್ಡರಿನ ಹೆಸರಲ್ಲೇ ಲಯ ಮತ್ತು ಶ್ರುತಿ ಬರೆಯಿರಿ. ಲ್ಯಾಪ್‌ಟಾಪ್ ಬದಲಿಸಿದಾಗ ಇವತ್ತಿನ ಸಿಂಥ್ ತೆರೆಯದೇ ಹೋಗಬಹುದು, ವೇವ್ ಫೈಲ್ ತೆರೆಯುತ್ತದೆ.